ಅಪ್‌ಡೇಟ್: ಅಪ್ಪನ ಕ್ಲೈಮ್‌ನಲ್ಲಿ ಕತ್ತರಿಸಿದ ದುಡ್ಡು ಬಹುಪಾಲು ವಾಪಸ್ ಬಂತು

ಶಿವಮೊಗ್ಗದಲ್ಲಿ ಅಪ್ಪನ ಮಂಡಿ ಆಪರೇಷನ್ ಆದಮೇಲೆ ಇನ್ಶೂರೆನ್ಸ್‌ನವರು ಇಡೀ ಬಿಲ್‌ನಲ್ಲಿ ಮೂರನೇ ಒಂದು ಭಾಗ ಯಾಕೆ ಕತ್ತರಿಸಿದರು ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕಾರಣ ರೂಮ್ ಬಾಡಿಗೆ ಮಿತಿ. 3 ಲಕ್ಷದ ಪಾಲಿಸಿ, ದಿನಕ್ಕೆ ಅದರ ಶೇ. 1, ಅಂದರೆ 3,000 ರೂಪಾಯಿ. ನಮ್ಮ ರೂಮ್ 4,500. ಬಾಡಿಗೆಯ ಮೂರನೇ ಒಂದು ಭಾಗ ಮಿತಿ ಮೀರಿತ್ತು, ಅದೇ ಲೆಕ್ಕದಲ್ಲಿ ಉಳಿದ ಖರ್ಚನ್ನೂ ಇಳಿಸಿದ್ದರು.

ಏಜೆಂಟ್‌ಗೆ ಫೋನ್ ಮಾಡಿದ್ದರಿಂದ ಏನೂ ಆಗಲಿಲ್ಲ. ಓಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರುಗಳನ್ನು ವಿಚಾರಿಸುವ ಅಧಿಕಾರಿ) ಹತ್ತಿರ ನೇರ ಹೋಗಲು ಬರುವುದಿಲ್ಲ, ಮೊದಲು ಕಂಪನಿಗೇ ದೂರು ಕೊಡಬೇಕು. ಕೆಲಸಕ್ಕೆ ಬಂದಿದ್ದು "ಯಾವುದಕ್ಕೆ ಎಷ್ಟು ಕತ್ತರಿಸಿದ್ದೀರಿ ಅಂತ ಬರಹದಲ್ಲಿ ಕೇಳಿ" ಎಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್.

ಔಷಧಿ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಕೃತಕ ಭಾಗ), ಸ್ಕ್ಯಾನ್, ರಕ್ತಪರೀಕ್ಷೆಗೆ ಈ ಕಡಿತ ಹಾಕುವಂತಿಲ್ಲ ಎಂದು ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮವೇ ಇದೆ, ಗೊತ್ತೇ ಇರಲಿಲ್ಲ! ಮಂಡಿ ಆಪರೇಷನ್‌ನಲ್ಲಿ ಇಂಪ್ಲಾಂಟ್‌ನದೇ ದೊಡ್ಡ ಖರ್ಚು ಅಲ್ವಾ. ಅದನ್ನೇ ದೂರಿನಲ್ಲಿ ಬರೆದೆ, ಒಪ್ಪಿದರು. ಡಾಕ್ಟರ್ ಫೀಸ್, ಓಟಿ (ಆಪರೇಷನ್ ಥಿಯೇಟರ್) ಚಾರ್ಜ್‌ನ ಕಡಿತ ಮಾತ್ರ ಹಾಗೇ ಉಳಿಯಿತು.