ಪದಚರ್ಚೆ: ಗುಂಡು, ತೋಟಾ, ಈಡು – ಎರಕದ ಸೀಸದ ಗುಂಡಿನ ಬೇಟೆಗೆ ಬೇಕಾದ ಪದಗಳು

ಪದಬಳಗದ ಗೆಳೆಯರಿಗೆ ನಮಸ್ಕಾರ.

ಅಮೆರಿಕದಲ್ಲಿ ರಿವಾಲ್ವರ್ ಹಿಡಿದು ಜಿಂಕೆ ಬೇಟೆಯಾಡುವವರ ಬಗ್ಗೆ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಅವರಲ್ಲಿ ಅನೇಕರು ಗುಂಡನ್ನು ಅಂಗಡಿಯಿಂದ ಕೊಳ್ಳುವುದಿಲ್ಲ, ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ದುಕೊಳ್ಳುತ್ತಾರೆ. ಬರೆಯುತ್ತ ಹೋದಂತೆ ಪದಗಳ ತೊಡಕು ಒಂದೊಂದಾಗಿ ಎದುರಾಯಿತು. ಕೆಲವಕ್ಕೆ ನನ್ನದೇ ಪರಿಹಾರಗಳಿವೆ, ಅವನ್ನು ನಿಮ್ಮ ಮುಂದಿಡುತ್ತೇನೆ. ಉಳಿದವಕ್ಕೆ ನಿಮ್ಮ ಊರಿನ ಬಳಕೆ ಬೇಕು.

ಮೊದಲ ತೊಡಕು ‘ಗುಂಡು’. ‘ನಾಡಪಿಸ್ತೂಲು ಮತ್ತು ಜೀವಂತ ಗುಂಡುಗಳ ವಶ’ ಎಂದು ಪತ್ರಿಕೆಗಳು ಬರೆಯುತ್ತವೆ. ವಶವಾಗಿರುವುದು ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಬಡಿದಾಗ ಕಿಡಿ ಹೊತ್ತುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇಷ್ಟೂ ಸೇರಿದ ಒಂದು ಜೋಡಣೆ. ಅದೇ ವರದಿಯ ಮುಂದಿನ ಸಾಲಿನಲ್ಲಿ ‘ಗೋಡೆಗೆ ಹೊಕ್ಕ ಗುಂಡು’ ಎಂದಾಗ ಬರೀ ತುದಿಯ ಸೀಸದ ತುಂಡು. ಅಪರಾಧ ಸುದ್ದಿಗೆ ಈ ಬೆರಕೆಯಿಂದ ತೊಂದರೆಯಿಲ್ಲ. ನನ್ನ ಲೇಖನಕ್ಕೆ ಇದೆ. ಎರಕ ಹೊಯ್ಯುವ ಬೇಟೆಗಾರ ಮಾಡುವುದು ಆ ಸೀಸದ ತುಂಡನ್ನು ಮಾತ್ರ. ಮದ್ದು, ಕೇಪುಗಳನ್ನು ಅವನು ಕೊಳ್ಳುತ್ತಾನೆ, ಹಾರಿಸಿದ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ಮತ್ತೆ ಮತ್ತೆ ಬಳಸುತ್ತಾನೆ.

ಆದ್ದರಿಂದ ಇಡೀ ಜೋಡಣೆಗೆ ‘ತೋಟಾ’, ಹಾರಿಹೋಗುವ ತುಂಡಿಗೆ ‘ಗುಂಡು’, ಹಾರಿಸುವ ಕ್ರಿಯೆಗೆ ‘ಈಡು’ ಎಂದು ಕಟ್ಟುನಿಟ್ಟಾಗಿ ಬೇರೆ ಮಾಡಿದ್ದೇನೆ. ಇದು ನಾನು ಹೊಸದಾಗಿ ಹೂಡಿದ ವ್ಯವಸ್ಥೆಯಲ್ಲ. ಮಲೆನಾಡಿನ ಹಿರಿಯರು ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದು ಎರಡು ಬಗೆ ಹೇಳುತ್ತಾರೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮೊದಲು ಮದ್ದು, ಆಮೇಲೆ ಗುಂಡು ಅಥವಾ ಚರೆ (ಸೀಸದ ಸಣ್ಣ ಗುಳಿಗೆಗಳು) ಎಂದು ಒಂದೊಂದನ್ನೇ ತುಂಬಬೇಕಿತ್ತು. ಕೈಗೆ ಬೇರೆ ಬೇರೆಯಾಗಿ ಸಿಕ್ಕ ವಸ್ತುಗಳಿಗೆ ಬಾಯಲ್ಲಿಯೂ ಬೇರೆ ಬೇರೆ ಹೆಸರು ಉಳಿದವು. ಎಲ್ಲವೂ ಒಂದೇ ಕೊಳವೆಯೊಳಗೆ ಸೇರಿಕೊಂಡ ಮೇಲೆ ಹೆಸರುಗಳೂ ಕಲೆತುಹೋದವು. ‘ಈಡು’ ಎಂಬ ಪದವಂತೂ ನನಗೆ ಬಹಳ ಪ್ರಿಯ. ಎಸೆಯುವ ಅರ್ಥದ ‘ಇಡು’ ಅದರ ಮೂಲ, ದೇವಸ್ಥಾನದ ಮುಂದೆ ಒಡೆಯುವ ಈಡುಗಾಯಿಯಲ್ಲಿಯೂ ಅದೇ ಇದೆ. ‘ಒಂದೇ ಈಡಿಗೆ ಬಿತ್ತು’ ಎಂಬಷ್ಟು ಚಿಕ್ಕದಾಗಿ, ನೇರವಾಗಿ ‘ಗುಂಡಿನ ಹೊಡೆತ’ ಹೇಳಲಾರದು.

ಆಯುಧದ ಹೆಸರಿನಲ್ಲಿ ಹೆಚ್ಚು ಚರ್ಚೆ ಬೇಡವೆನಿಸುತ್ತದೆ. ಒಟ್ಟು ವರ್ಗಕ್ಕೆ ‘ಕೈಕೋವಿ’ ಎಂದು ಪ್ರಯೋಗಿಸಿ ನೋಡಿದೆ, ಓದಲು ತಡೆಯಾಗಲಿಲ್ಲ. ತಿರುಗುವ ಉರುಳೆಯುಳ್ಳದ್ದು ರಿವಾಲ್ವರ್, ಉಳಿದದ್ದು ಪಿಸ್ತೂಲು. ಕೊಡಗಿನವರು ತಮ್ಮ ನುಡಿಯ ‘ತೋಕ್’ ನೆನಪಿಸಬಹುದು, ಆದರೆ ಅದು ಉದ್ದ ನಳಿಗೆಯದು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಪೂಜೆಗೊಳ್ಳುವಂಥದ್ದು.

ಇನ್ನು ಗುಂಡಿನ ಆಕಾರ. ಎಲ್ಮರ್ ಕೀತ್ (1899–1984) ಎಂಬ ಐಡಾಹೊ ರಾಜ್ಯದ ದನಗಾಹಿ ಈ ಬೇಟೆಯ ಪರಂಪರೆಯಲ್ಲಿ ದೊಡ್ಡ ಹೆಸರು. 1955ರಲ್ಲಿ ‘.44 ಮ್ಯಾಗ್ನಮ್’ ಎಂಬ ಹೆಚ್ಚು ಶಕ್ತಿಯ ರಿವಾಲ್ವರ್ ತೋಟಾ ಹುಟ್ಟಲು ಅವನ ಒತ್ತಾಯವೇ ಮುಖ್ಯ ಕಾರಣ. ಅದಕ್ಕೂ ಬಹಳ ಮೊದಲೇ ಅವನು ರೂಪಿಸಿದ ಎರಕದ ಗುಂಡು ಸುಮಾರು 250 ಗ್ರೇನ್ ತೂಗುತ್ತಿತ್ತು, ಅಂದರೆ 16 ಗ್ರಾಮಿನಷ್ಟು. ಅದರ ಮುಂಭಾಗ ಚೂಪಾಗಿಲ್ಲ, ಕತ್ತರಿಸಿದಂತೆ ಅಗಲ ಚಪ್ಪಟೆ. ಇದಕ್ಕೆ ‘ಮೊಂಡು ಮೊನೆ’ ಎಂದು ಬರೆದರೆ ಪದವೇ ತನ್ನೊಡನೆ ಜಗಳವಾಡುತ್ತದೆ, ಏಕೆಂದರೆ ಮೊನೆ ಎಂದರೆ ಚೂಪು. ‘ಚಪ್ಪಟೆ ಮೂತಿಯ ಗುಂಡು’ ಎಂಬುದು ನನ್ನ ಆಯ್ಕೆ.

ಈ ಚಪ್ಪಟೆ ಮೂತಿಯೇ ಇಲ್ಲಿ ಮುಖ್ಯ ಸಂಗತಿ. ರೈಫಲ್ ಗುಂಡು ಅತಿವೇಗದಿಂದ ಬಂದು ಪ್ರಾಣಿಯ ಮೈಯೊಳಗೆ ಅಗಲವಾಗುತ್ತದೆ. ರಿವಾಲ್ವರಿನ ವೇಗ ಅದರ ಅರ್ಧದಷ್ಟು. ಆ ವೇಗದಲ್ಲಿ ಗಡಸು ಎರಕದ ಗುಂಡು ಆಕಾರ ಬದಲಿಸುವುದಿಲ್ಲ. ಚಪ್ಪಟೆ ಮೂತಿ ಮಾಂಸವನ್ನು ಸರಿಸಿ ಹೋಗದೆ ಕತ್ತರಿಸಿಕೊಂಡು, ಈ ಪಕ್ಕೆಯಿಂದ ಆ ಪಕ್ಕೆಗೆ ತೂರಿ ಹೊರಬೀಳುತ್ತದೆ. ಎರಡು ಕಡೆ ಗಾಯವಾದ್ದರಿಂದ ರಕ್ತದ ಜಾಡು ಸಿಗುತ್ತದೆ, ಪುಪ್ಪುಸಕ್ಕೆ ತಗುಲಿದ ಜಿಂಕೆ ದೂರ ಓಡದೆ ಬೀಳುತ್ತದೆ. ಗುಂಡು ಅಗಲವಾಗುವ ಕ್ರಿಯೆಗೆ ‘ಅರಳುವುದು’ ಎಂದು ಬರೆದಿದ್ದೇನೆ. ‘ಮೆದು ಸೀಸದ ಗುಂಡು ಅರಳುತ್ತದೆ, ಗಡಸು ಸೀಸದ್ದು ಅರಳದೆ ತೂರುತ್ತದೆ’ ಎಂಬ ವಾಕ್ಯ ನಿಮಗೆ ಒಪ್ಪಿಗೆಯೇ? ಇಷ್ಟು ಕ್ರೂರವಾದ ಕೆಲಸಕ್ಕೆ ಹೂವಿನ ಮಾತು ಬೇಡ ಎನ್ನುವವರಿದ್ದರೆ ಅವರ ಮಾತಿಗೂ ಬೆಲೆಯಿದೆ. ಆದರೆ ‘ವಿಸ್ತರಿಸುವುದು’ ಎಂದರೆ ನನ್ನ ಕಿವಿಗೆ ರಸ್ತೆ ಅಗಲೀಕರಣ ಕೇಳಿಸುತ್ತದೆ.

‘ಗ್ರೇನ್’ ಎಂಬ ತೂಕವನ್ನು ಹಾಗೆಯೇ ಇಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಪೌಂಡಿಗೆ 7000 ಗ್ರೇನ್. ‘ಕಾಳು’ ಎಂದು ಕನ್ನಡಿಸುವ ಆಸೆ ಯಾರಿಗಾದರೂ ಬರಬಹುದು. ಮದ್ದು ಕೂಡ ಕಾಳುಕಾಳಾಗಿಯೇ ಇರುತ್ತದೆ. ಇಷ್ಟು ಕಾಳು ಮದ್ದು ಎಂದು ಬರೆದರೆ ಎಣಿಸಿ ಹಾಕಬೇಕೆಂದು ಓದುಗ ತಿಳಿಯಬಹುದು. ಅಳತೆ ತಪ್ಪಿದರೆ ಆಯುಧವೇ ಸಿಡಿಯುವ ವಿಷಯವಿದು, ಇಲ್ಲಿ ಅಪ್ಪಟ ಕನ್ನಡದ ಹಟ ಸಲ್ಲದು.

ಪದಗಳ ನಿಜವಾದ ಸಂಪತ್ತು ಇರುವುದು ಎರಕದ ಕೆಲಸದಲ್ಲಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬರೀ ಸೀಸ ತೀರಾ ಮೆದು, ಆದ್ದರಿಂದ ತವರ, ಆಂಟಿಮನಿ ಎಂಬ ಲೋಹಗಳನ್ನು ಬೆರೆಸುತ್ತಾರೆ. ಕೀತ್ ಬಳಸುತ್ತಿದ್ದುದು 16 ಪಾಲು ಸೀಸಕ್ಕೆ ಒಂದು ಪಾಲು ತವರ. ತವರದಿಂದ ಎರಕ ಸಲೀಸಾಗಿ ಹರಿದು ಅಚ್ಚಿನ ಮೂಲೆಮೂಲೆ ಸೇರುತ್ತದೆ, ಆಂಟಿಮನಿಯಿಂದ ಗಡಸುತನ ಬರುತ್ತದೆ. ಬರೆಯುವವರು ತವರ ಮತ್ತು ಸತುವನ್ನು ಅದಲುಬದಲು ಮಾಡಬಾರದು. ಪಾತ್ರೆಗೆ ಕಲಾಯಿ ಹಾಕುವ ಲೋಹ ತವರ. ಸತು ಸೀಸದ ಪಾತ್ರೆಗೆ ಬಿದ್ದರೆ ಎರಕ ಗಂಜಿಯಾಗಿ ಅಚ್ಚು ಸರಿಯಾಗಿ ತುಂಬುವುದೇ ಇಲ್ಲ.

ಮುದ್ರಣದ ಹಳೆಯ ಕೆಲಸ ಬಲ್ಲವರಿಗೆ ಈ ಬೆರಕೆ ಪರಿಚಿತವೇ. ಅಚ್ಚಿನ ಮೊಳೆಗಳ, ಅಂದರೆ ಮುದ್ರಣದ ಲೋಹದ ಅಕ್ಷರಗಳ, ಲೋಹವೂ ಸೀಸ, ಆಂಟಿಮನಿ, ತವರಗಳ ಕೂಡಿಕೆ. ಒಂದೊಂದು ಸಾಲನ್ನೇ ಎರಕ ಹೊಯ್ಯುವ ಲೈನೋಟೈಪ್ ಯಂತ್ರದ ಲೋಹದಲ್ಲಿ ಶೇ 84 ಸೀಸ, ಶೇ 12 ಆಂಟಿಮನಿ, ಶೇ 4 ತವರ. ಅಮೆರಿಕದ ಗುಂಡು ಎರಕದವರು ಪತ್ರಿಕಾ ಮುದ್ರಣಾಲಯಗಳ ಹಳೆಯ ಲೋಹವನ್ನು ಕೊಂಡು ತಂದು ಕರಗಿಸುತ್ತಿದ್ದರು. ಮೊಳೆ ಜೋಡಣೆಯ ಮುದ್ರಣ ನಿಂತ ಮೇಲೆ ಆ ಲೋಹ ಸಿಗುವುದು ಕಷ್ಟವಾಯಿತು. ಹೀಗಿರುವಾಗ ‘ಅಚ್ಚು’, ‘ಎರಕ’, ‘ಮೊಳೆ’ ಎಂಬ ಪದಗಳನ್ನು ದಿನವೂ ಆಡಿದ ನಮ್ಮ ಅಚ್ಚುಕೂಟದವರ ಮಾತನ್ನು ಬಿಟ್ಟು ‘ಸೀಸಗುಲಿಕೆ’ ಮಾದರಿಯ ಪದಗಳನ್ನು ಏಕೆ ಟಂಕಿಸಬೇಕು?

ಒಂದು ಗುಂಡು ಹುಟ್ಟುವ ಬಗೆಯನ್ನು ಲೇಖನದಲ್ಲಿ ಹೀಗೆ ಬರೆದಿದ್ದೇನೆ: ‘ಸಟ್ಟುಗದಿಂದ ಸೀಸವನ್ನು ಅಚ್ಚಿನ ಬಾಯಿಗೆ ಎರೆಯುತ್ತಾನೆ. ಬಾಯ ಮೇಲೆ ನಿಂತ ಸೀಸ ಒಂದು ಕ್ಷಣ ಹೊಳೆದು, ಹೊಳಪು ಕಳೆದು ಗಟ್ಟಿಯಾಗುತ್ತದೆ. ಮರದ ಕೊಡತಿಯಿಂದ ಮೇಲಿನ ಪಟ್ಟಿಯನ್ನು ತಟ್ಟಿದಾಗ ತೊಟ್ಟು ಕತ್ತರಿಸಿ ಬೀಳುತ್ತದೆ. ಅಚ್ಚಿನ ಎರಡು ಹೋಳು ತೆರೆದರೆ ಗುಂಡು ಮಡಿಸಿದ ಬಟ್ಟೆಯ ಮೇಲೆ ಉರುಳುತ್ತದೆ. ಅಚ್ಚು ಸಾಕಷ್ಟು ಕಾಯದಿದ್ದರೆ ಗುಂಡು ಸುಕ್ಕುಗಟ್ಟಿರುತ್ತದೆ, ಅದು ಮತ್ತೆ ಪಾತ್ರೆಗೆ.’ ಗುಂಡಿನ ಹಿಂಬದಿಗೆ ಅಂಟಿಕೊಂಡು ಉಳಿಯುವ ಹೆಚ್ಚುವರಿ ಸೀಸಕ್ಕೆ ಹಣ್ಣಿನ ತೊಟ್ಟಿನ ನೆನಪಿನಿಂದ ‘ತೊಟ್ಟು’ ಎಂದಿದ್ದೇನೆ. ಕಂಚು, ಹಿತ್ತಾಳೆ ಎರಕದವರು ಇದಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ನನ್ನದನ್ನು ಕೈಬಿಡುತ್ತೇನೆ.

ಕರಗಿದ ಸೀಸದ ಮೇಲೆ ತೇಲುವ ಕೊಳೆಗೆ ‘ಕಿಟ್ಟ’ ಇದೆ. ಆ ಕಿಟ್ಟ ಬೇರ್ಪಡಲು ಮೇಣವನ್ನೋ ಮರದ ಹೊಟ್ಟನ್ನೋ ಹಾಕಿ ಕಲಕುತ್ತಾರೆ. ಹೀಗೆ ಹಾಕುವ ವಸ್ತುವಿಗೆ ಒಟ್ಟು ಹೆಸರೇನು? ಕಲಾಯಿಯವರು ನವಸಾಗರ ಬಳಸುತ್ತಾರೆ, ಅಕ್ಕಸಾಲಿಗರು ಬಿಳಿಗಾರ ಬಳಸುತ್ತಾರೆ. ಎರಡೂ ವಸ್ತುವಿನ ಹೆಸರುಗಳೇ, ಕೆಲಸದ ಹೆಸರಲ್ಲ. ‘ದ್ರಾವಕ’ ಎಂದರೆ ಅರ್ಥವೇ ಬೇರೆಯಾಗುತ್ತದೆ.

ಎರಕದ ಗುಂಡನ್ನು ಆಮೇಲೆ ಉಕ್ಕಿನ ತೂತಿನ ಮೂಲಕ ಒತ್ತಿ ಅಳತೆಗೆ ತರುತ್ತಾರೆ, .44ರ ಗುಂಡಾದರೆ ಸಾಮಾನ್ಯವಾಗಿ 0.430 ಅಂಗುಲಕ್ಕೆ. ಅಕ್ಕಸಾಲಿಗರು ತಂತಿ ಎಳೆಯುವ ‘ಕಮ್ಮಚ್ಚು’ ಇದಕ್ಕೆ ಹತ್ತಿರದ ಸಾಧನ. ಆದರೆ ಅಲ್ಲಿ ಎಳೆಯುತ್ತಾರೆ, ಇಲ್ಲಿ ತಳ್ಳುತ್ತಾರೆ. ಅದೇ ಪದ ನಡೆದೀತೇ? ಗುಂಡಿನ ಸುತ್ತಲಿನ ತೋಡಿಗೆ ಜೇನುಮೇಣ ಬೆರೆಸಿದ ಜಿಡ್ಡು ತುಂಬುತ್ತಾರೆ. ವೇಗ ಹೆಚ್ಚಿದ್ದರೆ ಬಿಸಿ ಅನಿಲ ಗುಂಡಿನ ತಳವನ್ನು ಕೊರೆಯದಂತೆ ಪುಟ್ಟ ತಾಮ್ರದ ಬಟ್ಟಲನ್ನು ತೊಡಿಸುತ್ತಾರೆ. ಅದನ್ನು ‘ತಳಬಿಲ್ಲೆ’ ಎಂದಿದ್ದೇನೆ.

ಗುಂಡಿನ ಅಳತೆ ನಳಿಗೆಗೆ ಹೊಂದದಿದ್ದರೆ, ಜಿಡ್ಡು ಸಾಲದಿದ್ದರೆ ನಳಿಗೆಯ ಒಳಮೈಗೆ ಸೀಸ ಅಂಟುತ್ತ ಹೋಗಿ ಗುರಿ ಕೆಡುತ್ತದೆ. ಇದನ್ನು ‘ನಳಿಗೆಗೆ ಸೀಸ ಹಿಡಿಯುತ್ತದೆ’ ಎನ್ನೋಣವೇ, ‘ಸೀಸ ಕಟ್ಟುತ್ತದೆ’ ಎನ್ನೋಣವೇ? ತುಕ್ಕು, ಕಿಲುಬು, ಮಸಿ ಹಿಡಿಯುತ್ತವೆ. ಪಾಚಿ, ಕೆನೆ ಕಟ್ಟುತ್ತವೆ. ತಾನು ನಿಂತ ಜಾಗದಲ್ಲೇ ಪದರವಾಗಿ ಬೆಳೆಯುವುದಕ್ಕೆ ‘ಕಟ್ಟು’, ಹೊರಗಿನದು ಬಂದು ಅಂಟಿ ವಸ್ತುವನ್ನು ಕೆಡಿಸುವುದಕ್ಕೆ ‘ಹಿಡಿ’ ಎಂದು ನನಗೆ ತೋರುತ್ತದೆ. ಹಾಗಾಗಿ ‘ಹಿಡಿ’ಯ ಕಡೆ ವಾಲಿದ್ದೇನೆ. ತುಕ್ಕು ಹೊರಗಿನಿಂದ ಬರುವುದಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಚರ್ಚೆಗೆ ಸಿದ್ಧನಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಕಾಡುಪ್ರಾಣಿಗಳ ಬೇಟೆಗೆ ಸೀಸದ ಮದ್ದುಗುಂಡು ಬಳಸುವಂತಿಲ್ಲ. ಬೇಟೆಯ ಅವಶೇಷ ತಿಂದ ಕಾಂಡೋರ್ ಎಂಬ ರಣಹದ್ದುಗಳಿಗೆ ಸೀಸದ ವಿಷ ಏರುತ್ತಿತ್ತು. ಲೇಖನದ ಈ ಭಾಗದಲ್ಲಿ ಪದದ ತೊಡಕಿಲ್ಲ, ‘ಸೀಸವಿಲ್ಲದ ಗುಂಡು’ ಸಾಕು. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆಯೇ ಅಪರಾಧ. ಅದು ಆಗಬೇಕಾದದ್ದೇ. ಆದರೆ ಬೇಟೆಯ ಜೊತೆಗೆ ಅದರ ಮಾತೂ ಮರೆಯಾಗುತ್ತಿದೆ, ಈಗ ಅದು ಉಳಿದಿರುವುದು ವಯಸ್ಸಾದವರ ನಾಲಿಗೆಯಲ್ಲಿ. ಕೇಳಿ ಬರೆದಿಟ್ಟುಕೊಳ್ಳಲು ಇದು ತಕ್ಕ ಸಮಯ.

ಕೊನೆಯದಾಗಿ ಕುಲುಮೆಯ ಮಾತು. ಆಂಟಿಮನಿ ಬೆರೆತ ಗುಂಡನ್ನು ಅಚ್ಚಿನಿಂದ ಬಿಸಿಬಿಸಿಯಾಗಿಯೇ ನೀರಿಗೆ ಬೀಳಿಸಿದರೆ ಅದು ಇನ್ನಷ್ಟು ಗಡಸಾಗುತ್ತದೆ. ಕಾದ ಕತ್ತಿಯನ್ನು ನೀರಿಗೆ ಅದ್ದಿ ಗಡಸು ಮಾಡುವ ಕೆಲಸಕ್ಕೆ ನಿಮ್ಮ ಕಡೆಯ ಕಮ್ಮಾರರು ಬಳಸುವ ಕ್ರಿಯಾಪದ ಯಾವುದು? ‘ಹದ ಕೊಡುವುದು’ ನನಗೆ ಗೊತ್ತು, ಆದರೆ ಅದು ಮೆದುಗೊಳಿಸುವುದಕ್ಕೂ ಸಲ್ಲುತ್ತದೆ. ಉತ್ತರಿಸುವಾಗ ಪದದ ಜೊತೆಗೆ ಊರು ಅಥವಾ ತಾಲ್ಲೂಕಿನ ಹೆಸರನ್ನೂ, ಅದನ್ನು ಬಳಸಿದ ಒಂದು ಪೂರ್ತಿ ವಾಕ್ಯವನ್ನೂ ದಯವಿಟ್ಟು ಬರೆಯಿರಿ.