ಅಪ್‌ಡೇಟ್: ಮಗಳ ಪಿಯಾನೋ ಅಭ್ಯಾಸ, ಮೂರು ತಿಂಗಳ ನಂತರ

ಎಂಟು ವರ್ಷದ ಮಗಳು ಪಿಯಾನೋ ಪಾಠಕ್ಕೆ ಖುಷಿಯಿಂದ ಹೋಗುತ್ತಾಳೆ, ಮನೆಯಲ್ಲಿ ಅಭ್ಯಾಸಕ್ಕೆ ಕೂರಿಸಿದರೆ ಮಾತ್ರ ಅಳುತ್ತಾಳೆ, ಪಾಠ ಬಿಡಿಸಬೇಕೇ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಬಿಡಿಸಲಿಲ್ಲ.

ನೀವು ಸೂಚಿಸಿದಂತೆ 40 ನಿಮಿಷಗಳ ಒಂದೇ ಅವಧಿಯ ಬದಲು ಬೆಳಿಗ್ಗೆ 10, ಸಂಜೆ 15 ನಿಮಿಷ ಎಂದು ಮಾಡಿಕೊಂಡೆವು. ಆದರೆ ಹೆಚ್ಚು ಫಲ ಕೊಟ್ಟದ್ದು ಬೇರೊಂದು ಸಲಹೆ. ತಪ್ಪಾದಾಗಲೆಲ್ಲ ಮೊದಲ ಸಾಲಿಗೇ ಮರಳುತ್ತಿದ್ದ ಅವಳು ಈಗ ಎಡವುವ ತುಣುಕನ್ನಷ್ಟೇ ಆರಿಸಿಕೊಂಡು, ಎಡಗೈ ಬಲಗೈಗಳನ್ನು ಬೇರೆ ಬೇರೆಯಾಗಿ ನುಡಿಸಿ, ಸಮಗತಿಯಲ್ಲಿ ಬಡಿತ ಕೇಳಿಸುವ ಸಾಧನವಾದ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಗಳಿಗಿಟ್ಟು ಎರಡನ್ನೂ ಸೇರಿಸುತ್ತಾಳೆ. ಸತತ ಮೂರು ಸಲ ತಪ್ಪಿಲ್ಲದೆ ಬಂದರಷ್ಟೇ ವೇಗ ಏರುತ್ತದೆ. ಆಸನವನ್ನು ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಎತ್ತರಿಸಿ, ತೂಗಾಡುತ್ತಿದ್ದ ಪಾದಗಳಿಗೆ ಮಣೆ ಇಟ್ಟ ಮೇಲೆ ಭುಜನೋವಿನ ದೂರೂ ನಿಂತಿತು.

ತಪ್ಪು ನನ್ನದೂ ಇತ್ತು. ಸಂಗೀತದ ಗಂಧವಿಲ್ಲದ ನಾನು ಅಡುಗೆಮನೆಯಿಂದಲೇ ‘ತಪ್ಪಾಯಿತು’ ಎಂದು ಕೂಗುತ್ತಿದ್ದೆ. ಈಗ ಪಕ್ಕದಲ್ಲಿ ಕುಳಿತು, ಆ ದಿನದ ಪಾಠವನ್ನು ನನಗೇ ಕಲಿಸುವಂತೆ ಕೇಳುತ್ತೇನೆ. ಬಹಳ ಕಟ್ಟುನಿಟ್ಟಿನ ಗುರು ಅವಳು. ಸ್ವರಲಿಪಿ ಓದುವಾಗ, ಅದರಲ್ಲೂ ಕೆಳಸ್ಥಾಯಿಯ ಸ್ವರಗಳನ್ನು ಬರೆಯುವ ಬಾಸ್ ಕ್ಲೆಫ್‌ನಲ್ಲಿ, ಇನ್ನೂ ತಡವರಿಸುತ್ತಾಳೆ. ಅಪರೂಪಕ್ಕೊಮ್ಮೆ ಅಳುವೂ ಇದೆ.