ಓದುಗರ ಸ್ಪಂದನ: ಒಂದೇ ವರದಿ, ಇಬ್ಬರಿಗೂ ಅಸಮಾಧಾನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ತೊಳಲಾಟವನ್ನು ಹೀಗೆ ತೋಡಿಕೊಂಡಿದ್ದರು: ‘ನಾನೂ ನನ್ನ ಅಣ್ಣನೂ ಒಂದೇ ವರದಿಯನ್ನು ಓದುತ್ತೇವೆ. ಅದು ಅವನ ಕಡೆಗೆ ವಾಲಿದೆ ಎಂದು ನನಗೂ, ನನ್ನ ಕಡೆಗೆ ವಾಲಿದೆ ಎಂದು ಅವನಿಗೂ ಅನಿಸುತ್ತದೆ. ವಿಜ್ಞಾನಿಗಳ ಮಾತನ್ನು ಮುಂದಿಟ್ಟರೆ, ಅವರಿಗೆ ಹಣ ಕೊಟ್ಟವರು ಯಾರು ಎಂದು ಕೇಳುತ್ತಾನೆ. ಈಚೆಗೆ ನನಗೂ ಎಲ್ಲರೂ ಪೂರ್ವಗ್ರಹಕ್ಕೆ ಒಳಗಾದವರೇ ಎನಿಸತೊಡಗಿದೆ. ಹಾಗಿದ್ದರೆ ನನ್ನ ನಿಲುವು ನ್ಯಾಯವಾದದ್ದು ಎಂದು ತಿಳಿಯುವುದು ಹೇಗೆ? ಯಾವ ವಿಷಯದಲ್ಲೂ ಅಭಿಪ್ರಾಯವನ್ನೇ ಇಟ್ಟುಕೊಳ್ಳದಿರುವುದು ಮೇಲೇ?’ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ಮನೋವಿಜ್ಞಾನದ ನಿವೃತ್ತ ಅಧ್ಯಾಪಕಿ

ಸಹೋದರಿ, ನಿಮ್ಮಿಬ್ಬರಿಗೆ ಆಗುತ್ತಿರುವುದು ಅಪರೂಪದ ಸಂಗತಿಯೇನಲ್ಲ. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿ.ವಿ. ವರದಿಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಸ್ರೇಲ್ ಪರ ಮತ್ತು ಅರಬ್ ಪರ ಒಲವಿದ್ದ ವಿದ್ಯಾರ್ಥಿಗಳಿಗೆ ತೋರಿಸಿದರು. 1985ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಅವೇ ತುಣುಕುಗಳನ್ನು ನೋಡಿದ ಎರಡೂ ಗುಂಪಿನವರು ವರದಿ ತಮ್ಮ ವಿರುದ್ಧವಾಗಿದೆ ಎಂದರು. ಅಷ್ಟೇ ಅಲ್ಲದೆ, ಇದನ್ನು ನೋಡಿದ ತಟಸ್ಥರ ಮನಸ್ಸೂ ತಮ್ಮ ಪಕ್ಷದ ವಿರುದ್ಧ ತಿರುಗುತ್ತದೆ ಎಂದು ಇಬ್ಬರೂ ಭಾವಿಸಿದರು.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಅದೇ ವಿಶ್ವವಿದ್ಯಾಲಯದ 1979ರ ಅಧ್ಯಯನ. ಮರಣದಂಡನೆಯ ಪರ ಇದ್ದವರಿಗೂ ವಿರೋಧಿಸುತ್ತಿದ್ದವರಿಗೂ ಸಂಶೋಧಕರು ತಾವೇ ರಚಿಸಿದ ಎರಡು ಅಧ್ಯಯನಗಳನ್ನು ಓದಲು ಕೊಟ್ಟರು. ಆ ಶಿಕ್ಷೆಯಿಂದ ಕೊಲೆಗಳು ತಗ್ಗುತ್ತವೆ ಎಂದು ಒಂದು ಹೇಳುತ್ತಿತ್ತು, ತಗ್ಗುವುದಿಲ್ಲ ಎಂದು ಇನ್ನೊಂದು. ಓದಿದವರು ತಮಗೆ ಒಪ್ಪಿಗೆಯಾದ ಅಧ್ಯಯನದ ವಿಧಾನವನ್ನು ಮೆಚ್ಚಿ, ಒಪ್ಪಿಗೆಯಾಗದ್ದರ ವಿಧಾನದಲ್ಲಿ ಹುಳುಕು ಹುಡುಕಿದರು. ಎರಡೂ ಕಡೆಯ ಸಾಕ್ಷ್ಯವನ್ನು ಓದಿದ ಮೇಲೂ ಅವರು ಪರಸ್ಪರ ಹತ್ತಿರ ಬರುವುದಿರಲಿ, ತಮ್ಮ ನಿಲುವು ಮೊದಲಿಗಿಂತ ಗಟ್ಟಿಯಾಯಿತು ಎಂದೇ ಹೇಳಿಕೊಂಡರು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಅವರು ಎತ್ತಿದ ಆಕ್ಷೇಪಣೆಗಳಲ್ಲಿ ಹಲವು ತಾರ್ಕಿಕವಾಗಿಯೇ ಇದ್ದವು. ಪೂರ್ವಗ್ರಹವು ಬುದ್ಧಿಯನ್ನು ಮಂಕಾಗಿಸಬೇಕೆಂದೇನಿಲ್ಲ, ಅದನ್ನು ಎದುರುಪಕ್ಷದ ಮೇಲೆ ಮಾತ್ರ ಛೂ ಬಿಟ್ಟರೆ ಸಾಕು.

ಅದೇ ಸಂಶೋಧಕರಲ್ಲಿ ಇಬ್ಬರು ಮತ್ತೊಬ್ಬರೊಡನೆ ಸೇರಿ 1984ರಲ್ಲಿ ಈ ಪ್ರಯೋಗವನ್ನು ಮುಂದುವರಿಸಿದರು. ‘ನ್ಯಾಯಾಧೀಶರಂತೆ ನಿಷ್ಪಕ್ಷಪಾತವಾಗಿ ಓದಿ’ ಎಂದು ಕೆಲವರಿಗೆ ಸೂಚನೆ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ‘ಇದೇ ಅಧ್ಯಯನ ಇದೇ ವಿಧಾನದಲ್ಲಿ ವಿರುದ್ಧ ಫಲಿತಾಂಶ ಕೊಟ್ಟಿದ್ದರೆ ಇದನ್ನು ಹೀಗೆಯೇ ತೂಗುತ್ತಿದ್ದಿರಾ ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಿ’ ಎಂದು ಸೂಚಿಸಿದವರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ನನ್ನ ಸಲಹೆಯೂ ಇಷ್ಟೇ. ನನ್ನಲ್ಲಿ ಪೂರ್ವಗ್ರಹವಿದೆಯೇ ಎಂದು ಮನಸ್ಸಿನೊಳಗೆ ಇಣುಕಿ ನೋಡಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ನಾವೆಲ್ಲ ಅದನ್ನು ಇತರರಲ್ಲಿ ಕಾಣುವಷ್ಟು ಸುಲಭವಾಗಿ ನಮ್ಮಲ್ಲಿ ಕಾಣುವುದಿಲ್ಲ. ಆ ಇಣುಕುವಿಕೆಯನ್ನು ಬಿಟ್ಟು, ಫಲಿತಾಂಶವನ್ನು ತಿರುಗಿಸಿ ನೋಡುವ ಈ ಒಂದು ಪ್ರಶ್ನೆಯನ್ನು ಅಭ್ಯಾಸ ಮಾಡಿಕೊಳ್ಳಿ.

ಔಷಧ ಪರೀಕ್ಷೆಗಳ ಅಂಕಿಅಂಶ ಪರಿಶೀಲಿಸುವ ಓದುಗ

ನಿಮ್ಮ ಅಣ್ಣನವರು ಕೇಳುವ ಪ್ರಶ್ನೆ ಸರಿಯಾದದ್ದೇ, ಆದರೆ ಅವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ ಎಂದು ತೋರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ದಾಖಲಾಗಿದ್ದ, ಖಿನ್ನತೆಯ ಔಷಧಗಳ 74 ಪರೀಕ್ಷೆಗಳನ್ನು ಪ್ರಕಟಿತ ಲೇಖನಗಳೊಂದಿಗೆ ಹೋಲಿಸಿದ ವರದಿಯೊಂದು 2008ರಲ್ಲಿ ಹೊರಬಂತು. ಔಷಧಕ್ಕೆ ಅನುಕೂಲವೆಂದು ಸಂಸ್ಥೆ ಪರಿಗಣಿಸಿದ್ದ 38 ಪರೀಕ್ಷೆಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವಾಗಲೇ ಇಲ್ಲ. 11 ಅನುಕೂಲವೆಂಬಂತೆ ಬಿಂಬಿತವಾಗಿ ಪ್ರಕಟವಾದವು. ಇದ್ದದ್ದನ್ನು ಇದ್ದಂತೆ ಹೇಳಿದವು ಮೂರೇ. ಪ್ರಕಟವಾದುದನ್ನಷ್ಟೇ ಓದಿದ ವೈದ್ಯರ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲ ಪರೀಕ್ಷೆಗಳೂ ಗೆದ್ದಂತೆ ಕಂಡಿರಬೇಕು, ಮತ್ತು ಹಾಗೆ ಕಾಣುವುದಕ್ಕೆ ಯಾರೂ ಒಂದೇ ಒಂದು ಅಂಕಿಯನ್ನು ತಿದ್ದಬೇಕಾಗಿರಲಿಲ್ಲ.

ಇದನ್ನು ಕೇಳಿ ಅಣ್ಣನವರು ‘ನಾನು ಹೇಳಲಿಲ್ಲವೇ’ ಎನ್ನಬಹುದು. ಆಗ ಎರಡು ಮಾತುಗಳನ್ನು ಅವರ ಮುಂದಿಡಿ. ಮೊದಲನೆಯದು, ಈ ಲೋಪವನ್ನು ಪತ್ತೆ ಹಚ್ಚಿದವರೂ ಸಂಶೋಧಕರೇ, ಅದೂ ಸಾರ್ವಜನಿಕ ದಾಖಲೆ ಇದ್ದುದರಿಂದ. ಪರೀಕ್ಷೆ ಆರಂಭವಾಗುವ ಮೊದಲೇ ನೋಂದಾಯಿಸದಿದ್ದರೆ ಅದರ ಫಲಿತಾಂಶವನ್ನು ಪ್ರಕಟಿಸುವುದಿಲ್ಲ ಎಂಬ ನಿಯಮವನ್ನು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಲ್ಲೇ ಜಾರಿಗೆ ತಂದಿದ್ದರು. ಸೋತ ಪರೀಕ್ಷೆಗಳು ಸದ್ದಿಲ್ಲದೆ ಮರೆಯಾಗದಂತೆ ನೋಡಿಕೊಳ್ಳುವುದೇ ಅದರ ಉದ್ದೇಶ.

ಎರಡನೆಯದು, ಹಣದ ಸೋಂಕಿಲ್ಲದ ಕಡೆಯಲ್ಲೂ ಕಣ್ಣು ಮೋಸಹೋಗುತ್ತದೆ. ಫ್ರಾನ್ಸ್‌ನ ಹೆಸರಾಂತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ 1903ರಲ್ಲಿ ‘ಎನ್ ಕಿರಣ’ ಎಂಬ ಹೊಸ ಬಗೆಯ ಕಿರಣಗಳನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು, ಇತರ ಹಲವರೂ ಅವು ತಮಗೆ ಕಂಡವೆಂದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಯಾರಿಗೂ ತಿಳಿಯದಂತೆ ಉಪಕರಣದ ಪಟ್ಟಕವನ್ನು ತೆಗೆದುಬಿಟ್ಟರು. ಆ ಪ್ರಯೋಗದಲ್ಲಿ ಕಿರಣಗಳು ಕಾಣಲು ಪಟ್ಟಕ ಬೇಕೇ ಬೇಕಾಗಿತ್ತು, ಆದರೂ ಅದು ಇಲ್ಲದೆಯೇ ಅವು ಮೊದಲಿನಂತೆ ಕಾಣುತ್ತಲೇ ಇದ್ದವು! ಬ್ಲಾಂಡ್ಲೊ ಅವರನ್ನು ಯಾರೂ ಮೋಸಗಾರರೆಂದು ಕರೆಯಬೇಕಾಗಿಲ್ಲ. ಅವರು ನಿರೀಕ್ಷಿಸಿದ್ದನ್ನು ಕಂಡರು. ಯಾವ ರೋಗಿಗೆ ನಿಜವಾದ ಔಷಧ, ಯಾರಿಗೆ ಸಪ್ಪೆ ಗುಳಿಗೆ ಎಂಬುದನ್ನು ಇಂದು ರೋಗಿಯಿಂದಲೂ ವೈದ್ಯರಿಂದಲೂ ಮುಚ್ಚಿಡುವುದು ಇಂಥದ್ದನ್ನು ತಡೆಯಲೆಂದೇ. ಆದ್ದರಿಂದ ಹಣ ಯಾರದು ಎಂದು ಕೇಳಿದ ಮೇಲೆ, ಫಲಿತಾಂಶ ಅಳೆದವರಿಗೆ ಯಾವ ಗುಂಪು ಯಾವುದೆಂದು ಗೊತ್ತಿತ್ತೇ, ಏನನ್ನು ಅಳೆಯುತ್ತೇವೆಂದು ಮೊದಲೇ ಘೋಷಿಸಿದ್ದರೇ, ಬೇರೆಯವರು ಮಾಡಿದಾಗಲೂ ಅದೇ ಫಲಿತಾಂಶ ಬಂತೇ ಎಂಬುದನ್ನೂ ಕೇಳಲೇಬೇಕು. ವಿಜ್ಞಾನಿ ಸಂತನೋ ಅಲ್ಲವೋ ಎಂಬುದು ಆಮೇಲಿನ ಮಾತು.

ಸುದ್ದಿಮನೆಯ ಉಪಸಂಪಾದಕ

ಎರಡೂ ಕಡೆಯವರು ಬೈದರೆ ನಾವು ಸರಿಯಾಗಿ ಬರೆದಿದ್ದೇವೆ ಎಂದು ಸಮಾಧಾನ ಪಟ್ಟುಕೊಳ್ಳುವ ಮಾತೊಂದು ನಮ್ಮ ವೃತ್ತಿಯಲ್ಲಿದೆ. ಅಧ್ಯಾಪಕಿಯವರು ಹೇಳಿರುವಂಥ ಅಧ್ಯಯನಗಳನ್ನು ಓದಿದ ಮೇಲೆ ಆ ಸಮಾಧಾನಕ್ಕೆ ಆಧಾರವಿಲ್ಲ ಎನಿಸಿದೆ. ವರದಿ ಹೇಗೇ ಇದ್ದರೂ ಎರಡೂ ಕಡೆಯವರು ಬೈಯಬಹುದಾದರೆ, ಆ ಬೈಗುಳದಿಂದ ವರದಿಯ ಗುಣವೂ ದೋಷವೂ ಸಾಬೀತಾಗುವುದಿಲ್ಲ. ನೀವೂ ನಿಮ್ಮ ಅಣ್ಣನೂ ಮುನಿಸಿಕೊಂಡ ಮಾತ್ರಕ್ಕೆ ಆ ವರದಿ ನಿಷ್ಪಕ್ಷಪಾತವಾದದ್ದು ಎಂದು ದಯವಿಟ್ಟು ತೀರ್ಮಾನಿಸಬೇಡಿ.

ಸಮತೋಲನದ ಹೆಸರಿನಲ್ಲೇ ನಾವು ಓದುಗರ ದಾರಿ ತಪ್ಪಿಸುವುದೂ ಉಂಟು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಕೊಡುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ, 12 ಮಕ್ಕಳನ್ನಷ್ಟೇ ಆಧರಿಸಿದ ಲೇಖನವೊಂದು 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ ಬ್ರಿಟನ್ನಿನ ಮಾಧ್ಯಮಗಳು ಹಲವು ವರ್ಷ ಅದನ್ನು ಎರಡು ಸಮಬಲದ ಪಕ್ಷಗಳ ವಾದವೆಂಬಂತೆ ಬಿಂಬಿಸಿದವು. ಒಂದು ಕಡೆ ಲಕ್ಷಾಂತರ ಮಕ್ಕಳ ದಾಖಲೆಗಳಿದ್ದವು, ಇನ್ನೊಂದು ಕಡೆ ಆ ಸಣ್ಣ ಲೇಖನ. ಚರ್ಚೆಯಲ್ಲಿ ಮಾತ್ರ ಇಬ್ಬರಿಗೂ ಎದುರುಬದುರು ಕುರ್ಚಿ. ‘ಲ್ಯಾನ್ಸೆಟ್’ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ.

ಓದುವಾಗ ತಲೆಬರಹದ ಮೇಲೆ ಸಿಟ್ಟಾಗುವ ಮುನ್ನ, ಅದನ್ನು ಬಹುಪಾಲು ವರದಿಗಾರರು ಬರೆಯುವುದಿಲ್ಲ, ನನ್ನಂಥವರು ಜಾಗದ ಅಳತೆಗೆ ಕತ್ತರಿಸಿ ಬರೆಯುತ್ತೇವೆ ಎಂಬುದು ನೆನಪಿರಲಿ. ಪೂರ್ವಗ್ರಹ ಹೆಚ್ಚಾಗಿ ಅಡಗಿರುವುದು ಬರೆದದ್ದರಲ್ಲಿಯೂ ಅಲ್ಲ, ಯಾವುದು ಸುದ್ದಿಯೇ ಆಗಲಿಲ್ಲ ಎಂಬುದರಲ್ಲಿ. ಅದನ್ನು ಒಂದೇ ಪತ್ರಿಕೆ ಓದಿ ಕಾಣಲಾಗದು.

ಹೆಸರು ಬೇಡವೆಂದ ಓದುಗಿ

ಅಭಿಪ್ರಾಯವನ್ನೇ ಇಟ್ಟುಕೊಳ್ಳದಿರುವ ನಿಮ್ಮ ಯೋಚನೆಗೆ ನನ್ನ ಸ್ಪಷ್ಟ ವಿರೋಧವಿದೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ಬರುವವರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದಾಗ, ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಎರಡರ ಆಸುಪಾಸಿಗೆ ಇಳಿಯಿತು. ಕಾರಣ ಪೂರ್ತಿ ಸ್ಪಷ್ಟವಾಗಲಿ ಎಂದು ತೀರ್ಮಾನವನ್ನು ಮುಂದೂಡಿದ ವೈದ್ಯರೂ ಇದ್ದರು, ಮತ್ತು ಅವರು ಕೈ ತೊಳೆಯದೆಯೇ ಹೆರಿಗೆ ಮಾಡಿಸುತ್ತಿದ್ದರು. ಸುಮ್ಮನಿರುವುದೂ ಒಂದು ಕಡೆಗೆ ವಾಲುವುದೇ.

ಅಣ್ಣನೊಡನೆ ಮುಂದಿನ ಸಲ ವಾದಕ್ಕೆ ಕೂರುವ ಮೊದಲು, ಯಾವ ಸಾಕ್ಷ್ಯ ಸಿಕ್ಕರೆ ನನ್ನ ನಿಲುವನ್ನು ಬಿಡುತ್ತೇನೆ ಎಂಬುದನ್ನು ಇಬ್ಬರೂ ಬೇರೆಬೇರೆಯಾಗಿ ಒಂದು ಚೀಟಿಯಲ್ಲಿ ಬರೆಯಿರಿ, ಬರೆದ ಮೇಲೆ ಅದಲುಬದಲು ಮಾಡಿಕೊಳ್ಳಿ. ‘ಯಾವುದು ಸಿಕ್ಕರೂ ಬಿಡುವುದಿಲ್ಲ’ ಎಂದು ಯಾರಾದರೂ ಒಬ್ಬರು ಬರೆದರೆ, ಆ ದಿನದ ಮಟ್ಟಿಗೆ ಬೇರೆ ವಿಷಯ ಮಾತಾಡಬಹುದು.